ಬಳುವಳಿ ಮಂಚವೂ ನೇರಳೆ ಬೆಳಕೂ

ಮಂಡ್ಯದ ಗುತ್ತಲು ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡಬೀದಿ. ಬೆಳಗಿನ ತಿಂಡಿಯ ಹೊತ್ತು. ಬೀದಿಯ ನಡುವಿನ ಹೆಂಚಿನ ಮನೆಯ ಬಾಗಿಲಿನಿಂದ ಒಂದು ಕಬ್ಬಿಣದ ಮಂಚ ಓರೆಯಾಗಿ ಹೊರಬಂದಿತು. ಮೊದಲು ಎರಡು ಕಾಲುಗಳು, ಅನಂತರ ನವಿಲಿನ ಚಿತ್ರವಿದ್ದ ತಲೆಗಡೆಯ ತಗಡು, ಕಟ್ಟಕಡೆಗೆ ಅದನ್ನು ನೂಕುತ್ತಿದ್ದ ಮನೆಯ ಯಜಮಾನ ಸಿದ್ದರಾಮು. ಬೀದಿಯಲ್ಲಿ ಅದುವರೆಗೆ ಸಾಂಗವಾಗಿ ನಡೆಯುತ್ತಿದ್ದ ಕೆಲಸಗಳೆಲ್ಲ ಅಲ್ಲಲ್ಲೇ ನಿಂತುಹೋದವು. ಒಬ್ಬರ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಉಳಿಯಿತು. ಇನ್ನೊಬ್ಬರ ಒಲೆಯ ಮೇಲೆ ಹಾಲು ಉಕ್ಕಿತು.

ಇದನ್ನು ಸಾಮಾನ್ಯವಾದ ಸಾಮಾನು ಸಾಗಣೆ ಎಂದು ಓದುಗರು ತಿಳಿದರೆ, ಅವರಿಗೆ ಆ ಸೀಮೆಯ ಪರಿಚಯ ಸಾಲದು ಎಂದೇ ಹೇಳಬೇಕು. ಅಲ್ಲಿ ಮದುವೆಯಾದಾಗ ಮಂಚ, ಹಾಸಿಗೆ, ಬೀರು, ಪಾತ್ರೆಗಳು ಹೆಣ್ಣಿನ ಮನೆಯಿಂದ ಬಳುವಳಿಯಾಗಿ ಬರುತ್ತವೆ. ಬರುವಾಗ ಬೀದಿಯೆಲ್ಲ ನಿಂತು ನೋಡುತ್ತದೆ. ಹೆಂಡತಿ ತವರಿನಲ್ಲಿರುವಾಗ ಆ ಮಂಚ ಹೊಸ್ತಿಲು ದಾಟಿ ಹೊರಗೆ ಬಂದರೆ ಅದಕ್ಕೆ ಇರುವುದು ಒಂದೇ ಅರ್ಥ. ನ್ಯಾಯಾಲಯದ ತೀರ್ಪಿಗೆ ವರ್ಷಗಳು ಹಿಡಿಯಬಹುದು. ಬೀದಿಯ ತೀರ್ಪಿಗೆ ಮಂಚದ ಹಿಂಗಾಲು ಹೊರಬರುವಷ್ಟು ಹೊತ್ತು ಸಾಕು.

ಎದುರುಮನೆಯ ಮರಿತಾಯಮ್ಮ ಪೊರಕೆಯನ್ನು ಕಂಕುಳಿಗೆ ಸೇರಿಸಿಕೊಂಡು ಮುಂದೆ ಬಂದಳು.

“ಏನ್ ಸಿದ್ದರಾಮಣ್ಣ, ಮಂಚ ಎಲ್ಗೆ ಒಂಟದೆ?”

“ಜಲಾಲಣ್ಣನ ವೆಲ್ಡಿಂಗ್ ಅಂಗ್ಡಿಗೆ.”

“ಕಾಲು ಮುರ್ದೋಯ್ತಾ?”

“ಎಲ್ಲಿ ಮುರೀತದೆ, ಕಲ್ಲಿದ್ದಂಗದೆ. ಕುಯ್ಸಕ್ಕೆ ತಕ್ಕಂಡೋಯ್ತಿವ್ನಿ.”

ಮರಿತಾಯಮ್ಮ ಗೂಡ್ಸ್ ಆಟೋ ಹತ್ತುತ್ತಿದ್ದ ಮಂಚವನ್ನೂ ಅದರ ಯಜಮಾನನನ್ನೂ ಒಂದೊಂದು ಸಲ ನೋಡಿದಳು. “ಕಲ್ಲಿದ್ದಂಗಿರೋದ್ನ ಯಾಕಪ್ಪ ಕುಯ್ಸೀಯ?”

ಸಿದ್ದರಾಮು ಸುತ್ತ ನೋಡಿ, ದನಿ ತಗ್ಗಿಸಿ, ತನ್ನ ಬಾಳಿನ ಅತ್ಯಂತ ದುಬಾರಿ ವಾಕ್ಯವನ್ನು ಆಡಿದ. “ಚೆನ್ನಾಜಿಗೆ ಮಾತ್ರ ಏಳ್ಬ್ಯಾಡ ಕಣಮ್ಮ. ಅವಳು ಬರಾಗಂಟ ಯಾರ್ಗೂ ಗೊತ್ತಾಗ್ಬಾರ್ದು.”

ಆಟೋ ಹೊರಟುಹೋಯಿತು. ಮರಿತಾಯಮ್ಮ ಬೀದಿಯ ನಡುವೆಯೇ ನಿಂತಿದ್ದಳು. ಗುಡಿಸುವುದಂತೂ ಅಂದು ಮುಂದುವರಿಯಲಿಲ್ಲ.

*

ಸಿದ್ದರಾಮು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಗುಮಾಸ್ತ. ಕಬ್ಬು ಅರೆಯುವ ಕಾಲ ಮುಗಿದರೆ ಅವನ ಕಾಲವೂ ಬಿಡುವಾಗುತ್ತದೆ. ಆ ಬಿಡುವು ಈ ಸಲ ಬಂದದ್ದು ಮನೆಯಲ್ಲಿ ಹೆಂಡತಿ ಇಲ್ಲದಾಗ.

ಹೆಂಡತಿ ಚೆನ್ನಾಜಮ್ಮನ ತವರು ಹಲಗೂರು. ಯುಗಾದಿ ಕಳೆದ ಮೇಲೆ ಅವಳ ತಾಯಿ ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ‘ಒಂದ್ ವಾರ ನೋಡ್ಕಂಡ್ ಬತ್ತೀನಿ’ ಎಂದು ಹೊರಟ ಚೆನ್ನಾಜಮ್ಮನ ವಾರ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಹೊರಟ ದಿನ ಬಸ್ಸಿನ ಬಾಗಿಲಲ್ಲಿ ನಿಂತು ಅವಳು ಒಂದು ಮಾತು ಅಂದಿದ್ದಳು. ಮನೆಯ ಅಂಗಳದಲ್ಲಿ ಒಂದು ದುಂಡುಮಲ್ಲಿಗೆಯ ಕುಂಡ. ಅದರ ಕಡ್ಡಿಯನ್ನು ಹಲಗೂರಿನಿಂದ ತಂದು ನೆಟ್ಟವಳು ಅವಳೇ. ಪಕ್ಕದ ಮನೆಯ ಪ್ರಸನ್ನ ಮೂರು ಅಂತಸ್ತು ಏರಿಸಿದ ಮೇಲೆ ಅಂಗಳಕ್ಕೆ ಬಿಸಿಲು ಬರುವುದೇ ನಿಂತಿತ್ತು. ಗಿಡ ಹೂ ಬಿಡುವುದನ್ನೇ ಬಿಟ್ಟಿತ್ತು.

“ನಿಮ್ಮನೇಲಿ ಗಿಡಕ್ಕೂ ಬೇಜಾರು ನನ್ಗೂ ಬೇಜಾರು. ಅದು ಮೊಗ್ಗು ಬುಟ್ಟ ದಿನ ಫೋನ್ ಮಾಡಿ, ಆಗ ಬತ್ತೀನಿ” ಎಂದು ಅವಳು ನಕ್ಕಿದ್ದಳು.

ಬೇಗ ಬಾ ಎಂಬ ಮಾತು ಸಿದ್ದರಾಮುವಿನ ಗಂಟಲಿನ ತನಕ ಬಂದಿತ್ತು. ಆದರೆ ಬಸ್ಸಿನ ತುಂಬ ಜನ. ಗಂಡಸಾದವನು ಜನರ ಎದುರಿಗೆ ಹೆಂಡತಿಗೆ ಆಡುವ ಮಾತೇ ಅದು? “ಬೆಳಕು ತಾನೆ? ನಾನ್ ಮಾಡ್ತೀನಿ ಬುಡು” ಎಂದುಬಿಟ್ಟ. ಬೆಳಕು ಮಾಡುವುದು ಸಾಮಾನ್ಯವಾಗಿ ದೇವರಿಗೆ ಮೀಸಲಾದ ಖಾತೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ.

ಅಂದಿನಿಂದ ಅವನ ಮುದ್ದೆಗೆ ಗಂಟು ಬೀಳತೊಡಗಿತು. ಎರಡು ತಟ್ಟೆ ಹಾಕಿ, ಒಂದನ್ನು ಮತ್ತೆ ಗೂಡಿಗೆ ಸೇರಿಸುವುದು ರೂಢಿಯಾಯಿತು. ಮಂಚವನ್ನು ಬಿಟ್ಟು ಅಂಗಳದ ಬಾಗಿಲಿಗೆ ಚಾಪೆ ಹಾಕಿಕೊಂಡ. ಸಂಜೆಯ ಫೋನಿನಲ್ಲಿ ಗಂಡಹೆಂಡಿರ ಸಂಭಾಷಣೆ ಹೀಗೆ ನಡೆಯುತ್ತಿತ್ತು:

“ಉಂಡ್ರಾ?”

“ಒಂದ್ ಚಿಗುರು ಬಂದದೆ.”

“ನಾನ್ ಕೇಳಿದ್ದು ನಿಮ್ಮ ಊಟ.”

“ಎಲೆ ಸ್ವಲ್ಪ ಅಳ್ದಿ ಆಗದೆ. ಬೆಳಕು ಸಾಲ್ದು.”

ಆ ಕಡೆ ಒಂದು ನಿಟ್ಟುಸಿರು. ಕೊನೆಗೆ ಫೋನು ಇಟ್ಟ ಸದ್ದು. ಸಿದ್ದರಾಮು ಆ ನಿಟ್ಟುಸಿರನ್ನು ಗಿಡಕ್ಕಾಗಿ ಬಿಟ್ಟದ್ದೆಂದೇ ನಂಬಿದ. ಗಿಡ ಹೂ ಬಿಟ್ಟರೆ ಅವಳು ಬರುತ್ತಾಳೆ, ಬಿಡದಿದ್ದರೆ ಬರುವುದಿಲ್ಲ. ಬೇರೆ ಯಾವ ದಾರಿಯೂ ಅವನಿಗೆ ಕಾಣಲಿಲ್ಲ.

*

ಗಿಡಗಳಿಗೆ ಎಲ್‌ಇಡಿ ದೀಪದಿಂದ ಬಿಸಿಲು ಕೊಡಬಹುದು ಎಂಬುದನ್ನು ಅವನು ಮೊಬೈಲಿನಲ್ಲಿ ನೋಡಿ ತಿಳಿದ. ಕೆಂಪು ಬೆಳಕು ಹೂವಿಗೆ, ನೀಲಿ ಬೆಳಕು ಎಲೆಗೆ. ಎರಡೂ ಸೇರಿದರೆ ನೇರಳೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದ. ಗಿಡದ ಮೇಲೆ ನಿಲ್ಲುವ ನಾಲ್ಕು ಕಾಲಿನ ಚೌಕಟ್ಟು, ಅದರಿಂದ ಸರಪಳಿಯಲ್ಲಿ ಇಳಿಬಿಟ್ಟ ದೀಪದ ಪಟ್ಟಿಗಳು, ಗಿಡ ಬೆಳೆದಂತೆ ಮೇಲಕ್ಕೆ ಎಳೆಯುವ ಏರ್ಪಾಡು. ನಕ್ಷೆಗೆ ತಲೆಬರಹವನ್ನೂ ಕೊಟ್ಟ: ‘ಕೃತಕ ಸೂರ್ಯ ಯೋಜನೆ’.

ವೆಲ್ಡಿಂಗ್ ಅಂಗಡಿಯ ಜಲಾಲ್ ಅದನ್ನು ನೇರವಾಗಿಯೂ ತಲೆಕೆಳಗಾಗಿಯೂ ಹಿಡಿದು ನೋಡಿದ್ದ.

“ಕೋಳಿಮರಿ ಸಾಕ್ತೀರಾ ಅಣ್ಣ? ಮರಿಗೆ ಕಾವು ಕೊಡಕ್ಕೆ ಇಂಗೇ ಮಾಡ್ಕೊಟ್ಟಿದೀನಿ.”

“ಮಲ್ಲಿಗೆ ಗಿಡಕ್ಕೆ.”

“ಮಲ್ಲಿಗೆಗೆ ಇಷ್ಟೊಂದು ಕಬ್ಣ ಬೇಕಾ? ಆನೆ ನಿಲ್ಸ್‌ಬೋದು.” ಜಲಾಲ್ ನಕ್ಕ. “ಮನೇಲಿ ಹಳೇ ಮಂಚ ಗಿಂಚ ಇದ್ರೆ ತನ್ನಿ. ಅಗಲನ ಅರ್ಧಕ್ಕೆ ಕುಯ್ದು, ಉಳಿದ ಪೈಪನ್ನ ಕಾಲಿಗೆ ಬೆಸೆದ್ರೆ ಎತ್ತರ ಆಯ್ತದೆ.”

ಈಗ ಆಟೋದಿಂದ ಇಳಿದ ಮಂಚವನ್ನು ಕಂಡ ಮೇಲೆ ಅವನ ನಗೆ ಕಡಿಮೆಯಾಯಿತು. ನವಿಲಿನ ಮೇಲೆ ಕೈಯಾಡಿಸಿ, “ಇದು ಅಕ್ಕನ ಮನೆ ಕಡೇದಲ್ವಾ? ಅಕ್ಕಂಗೆ ಗೊತ್ತಾ?” ಎಂದು ಕೇಳಿದ.

“ಅವಳಿಗೋಸ್ಕರಾನೇ ಮಾಡ್ತಿರೋದು, ಕುಯ್ಯಿ.”

ಜಲಾಲ್ ಕನ್ನಡಕ ಹಾಕಿಕೊಂಡು ಕುಯ್ದ. ಕಿಡಿ ಹಾರುತ್ತಿದ್ದಾಗ ಸಿದ್ದರಾಮು ಮುಖ ತಿರುಗಿಸಿ ನಿಂತಿದ್ದ. ಅದು ಕಣ್ಣಿನ ರಕ್ಷಣೆಗಾಗಿ ಎಂದು ಜಲಾಲ್ ತಿಳಿದ. ನಾವೂ ಹಾಗೆಯೇ ತಿಳಿಯೋಣ.

ಉದ್ದಕಾಲಿನ ಅರೆಮಂಚ ಮನೆಗೆ ಬಂದು ಬೀದಿಯ ಕಡೆಯ ಕೋಣೆಯನ್ನು ಸೇರಿತು. ಕುಂಡವನ್ನು ಅಂಗಳದಿಂದ ತಂದು ಅದರ ಅಡಿಯಲ್ಲಿಟ್ಟದ್ದಾಯಿತು. ಕೃತಕ ಸೂರ್ಯನ ಮೊದಲ ಉದಯ ಮಾತ್ರ ಸುಖವಾಗಿ ನಡೆಯಲಿಲ್ಲ. ದೀಪದ ಪಟ್ಟಿಗಳನ್ನು ಅವನು ಮರದ ಹಲಗೆಗೆ ಅಂಟಿಸಿದ್ದ. ಶಾಖ ಹೋಗುವುದಕ್ಕೆ ದಾರಿ ಇಲ್ಲದೆ ಅಂಟು ಕರಗಿ, ಸೂರ್ಯ ಸುರುಳಿಸುರುಳಿಯಾಗಿ ಸಿದ್ದರಾಮುವಿನ ತಲೆಯ ಮೇಲೇ ಇಳಿದ. ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಚಾನಲ್ಲುಗಳನ್ನು ಜಲಾಲ್ ಕೊಟ್ಟ ಮೇಲೆ, ಶಾಖ ಲೋಹಕ್ಕೆ ಹರಿದು, ಎರಡನೆಯ ಸೂರ್ಯ ನೆಲೆನಿಂತ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸಿದ್ದರಾಮು ಸ್ವಿಚ್ಚು ಒತ್ತಿದ. ಕೋಣೆ ನೇರಳೆಯಾಯಿತು. ಕಿಟಕಿಯ ಮೂಲಕ ಬೀದಿ ನೇರಳೆಯಾಯಿತು. ಎದುರುಮನೆಯ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮರಿತಾಯಮ್ಮನೂ ಅವಳ ಬೆಳ್ಳುಳ್ಳಿಯೂ ನೇರಳೆಯಾದವು.

*

ಮಂಚ ಹೋದ ಮನೆಗೆ ಬಣ್ಣದ ದೀಪ ಬಂದರೆ ಏನೆಂದು ತಿಳಿಯಬೇಕು? ಆ ಕಡೆ ಮನೆಗೆ ಬಣ್ಣದ ದೀಪ ಬೀಳುವುದು ಮದುವೆಗೆ. ಬೀದಿ ಕೂಡಿಸಿ ಲೆಕ್ಕ ಹಾಕಿತು.

ಮೊದಲು ಬಂದವನು ಮೂರಂತಸ್ತಿನ ಪ್ರಸನ್ನ. ಬಂದವನು ಒಳಗೂ ಬರದೆ ಹೊರಗೂ ಹೋಗದೆ ಗೇಟಿಗೆ ಒರಗಿ ನಿಂತ.

“ಗೋಡೆಗೆ ಗೋಡೆ ಅಂಟ್ಕಂಡಿದೀವಿ ಸಿದ್ದರಾಮಣ್ಣ. ಒಂದ್ ಮಾತು ಏಳಕ್ಕಿಲ್ವಾ?”

“ಏಳನಾ ಅಂತಿದ್ದೆ. ಏನೂ ಆಗ್ದೆ ಏಳಿದ್ರೆ ನಗ್ತೀರ ಅಂತ ಸುಮ್ಕಾದೆ.”

“ನಗೋದೇನ್ ಬಂತು. ಅವರವರ ಸುಖ ಅವರವರ್ಗೆ.” ಪ್ರಸನ್ನನ ಮುಖ ಗಂಟಿಕ್ಕಿತು. “ಮದ್ವೆಗೆ ಕರೀದೆ ಇದ್ರೆ ಬುಡಿ. ಬೀಗರ ಊಟಕ್ಕೂ ಕರೀದೆ ಇದ್ರೆ ಮಾತ್ರ ನಾನ್ ಇನ್ ನಿಮ್ ಮುಖ ನೋಡಕ್ಕಿಲ್ಲ.”

ಮದುವೆಯಾದ ಮೇಲೆ ನೆಂಟರಿಷ್ಟರಿಗೆ ಹಾಕಿಸುವ ಬಾಡೂಟ ಅದು. ಅದಕ್ಕೆ ಕರೆಯದಿರುವುದಕ್ಕಿಂತ ದೊಡ್ಡ ಅವಮಾನ ಮಂಡ್ಯ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಯಾರ ಮದುವೆ ಎಂದು ಸಿದ್ದರಾಮು ಕೇಳುವಷ್ಟರಲ್ಲಿ ಪ್ರಸನ್ನ ಹೊರಟುಹೋಗಿದ್ದ. ಪ್ರಸನ್ನನ ತಂಗಿಗೆ ಎಲ್ಲೋ ಸಂಬಂಧ ಕುದುರಿರಬೇಕು ಎಂದು ತಿಳಿದು ಸಿದ್ದರಾಮು ಮನಸಾರೆ ಸಂತೋಷಪಟ್ಟ.

ಬೆಳಕು ಬೀದಿಗೆ ಬಿದ್ದು ಜನರಿಗೆ ತೊಂದರೆಯಾಗುತ್ತಿದೆಯೇನೋ ಎಂದು ಮಾತ್ರ ಅವನಿಗೆ ಅನ್ನಿಸಿತು. ತಡೆಗೆ ಪರದೆ ಬೇಕು. ಬೀರುವಿನಲ್ಲಿ ಚೆನ್ನಾಜಮ್ಮನ ಹಳೆಯ ಕೆಂಪು ಸೀರೆಯೊಂದಿತ್ತು. ಅದನ್ನು ಚೌಕಟ್ಟಿನ ಕಿಟಕಿಯ ಬದಿಗೆ ಹೊದಿಸಿದ. ಉಳಿದ ಸೆರಗಿನ ತುದಿ ಗಿಡದ ತಲೆಯ ಮೇಲೆ ಬಿತ್ತು. ಒಳಗಿನಿಂದ ನೋಡಿದರೆ ಅದೊಂದು ಪರದೆ. ಹೊರಗಿನಿಂದ ನೋಡಿದರೆ ನೇರಳೆ ಮಂಟಪದೊಳಗೆ ಕೆಂಪು ಸೀರೆಯುಟ್ಟು, ಮುಸುಕು ಹಾಕಿ, ತಲೆ ತಗ್ಗಿಸಿ ಕುಳಿತ ಒಂದು ಹೆಣ್ಣು.

ಮರುದಿನ ಸಂಜೆ ಪೊಲೀಸ್ ಪೇದೆ ಶಿವರಾಜು ಬಾಗಿಲು ತಟ್ಟಿದ. ಹಿಂದೆ, ಸಾಕಷ್ಟು ಅಂತರ ಕಾಯ್ದುಕೊಂಡು, ಮರಿತಾಯಮ್ಮ.

“ಮೊದಲ್ನೇ ಎಂಡ್ರು ಇರುವಾಗ ಎರಡ್ನೇದು ಅಪರಾಧ. ಗೊತ್ತಾ ಯಜಮಾನ್ರೆ?”

“ಗೊತ್ತು ಸಾರ್. ತಪ್ಪು ಅದು” ಎಂದ ಸಿದ್ದರಾಮು. ಕಾನೂನಿನ ಮೇಲೆ ಅವನಿಗೆ ಮೊದಲಿನಿಂದಲೂ ಗೌರವ.

“ಗೊತ್ತಿದ್ದೂ ಮಾಡಿದೀರಾ. ಎಲ್ಲವ್ರೆ ಆಯಮ್ಮ?”

“ಹಲಗೂರಲ್ಲಿ.”

“ಅವರಲ್ಲಾರೀ. ಕಿಟ್ಕೀಲಿ ಕೂತವ್ರಲ್ಲ, ಅವರು.” ಶಿವರಾಜು ಕೋಣೆಯ ಬಾಗಿಲಿಗೆ ಬಂದು ಟೋಪಿ ಸರಿಮಾಡಿಕೊಂಡ. ಹೆಣ್ಣುಮಕ್ಕಳೊಡನೆ ಮಾತನಾಡುವಾಗ ಅವನ ದನಿ ಮೆದುವಾಗುತ್ತಿತ್ತು. “ಅಮ್ಮಾ, ಎದ್ರುಕೋಬ್ಯಾಡಿ. ನಿಮ್ಮೂರು ಯಾವುದು?”

ಸೀರೆ ಉತ್ತರ ಕೊಡಲಿಲ್ಲ.

“ನಾಚ್ಕೆ ಬುಟ್ಟು ಏಳಿ ತಾಯಿ. ಬಲವಂತ ಮಾಡಿದ್ರೆ ಅದನ್ನೂ ಏಳಿ.”

“ಅದಕ್ಕೆ ಬೆಳಗಿಂದ ನೀರು ಬಿದ್ದಿಲ್ಲ ಸಾರ್” ಎನ್ನುತ್ತ ಸಿದ್ದರಾಮು ಸೀರೆಯನ್ನು ಸರಿಸಿದ.

ಇಲಾಖೆಯ ಸೇವೆಯಲ್ಲಿ ಶಿವರಾಜು ಅನೇಕರನ್ನು ಅನೇಕ ಸ್ಥಿತಿಗಳಲ್ಲಿ ಕಂಡಿದ್ದ. ಗಿಡವೊಂದಕ್ಕೆ ಧೈರ್ಯ ಹೇಳಿದ್ದು ಅದೇ ಮೊದಲು. ಅವನು ಕುರ್ಚಿಯಲ್ಲಿ ಕುಳಿತು, ಕಾಫಿ ಕುಡಿದು, ಕೃತಕ ಸೂರ್ಯನ ಪೂರ್ತಿ ವಿವರಣೆ ಕೇಳಿ, ಎದ್ದು ಹೊರಟ. ಪೇದೆ ಮನೆ ತಪ್ಪಿ ಬಂದಿದ್ದನೆಂದೇ ಸಿದ್ದರಾಮು ತಿಳಿದ. ಬೀದಿಯಲ್ಲಿ ಕಾದಿದ್ದವರಿಗೆ ಶಿವರಾಜು ಪ್ರಾಮಾಣಿಕವಾಗಿ ಹೇಳಿದ: “ಒಳಗೆ ಹೆಣ್ಣಿಲ್ಲ. ಮಲ್ಲಿಗೆ ಗಿಡ ಅದೆ.”

“ಕಾಫಿ ಕುಡ್ಸಿ ಕಳ್ಸವ್ನೆ” ಎಂದು ಮರಿತಾಯಮ್ಮ ಒಳಗೆ ಹೋಗಿ ಹಲಗೂರಿಗೆ ಫೋನು ಮಾಡಿದಳು.

*

ಮರುದಿನ ಸಂಜೆ ಫೋನಿನಲ್ಲಿ ಚೆನ್ನಾಜಮ್ಮನ ದನಿ ಎಂದಿನಂತಿರಲಿಲ್ಲ.

“ಸೊಳ್ಳೆ ಕಾಟ ಜಾಸ್ತಿ ಅಂತಲ್ಲ ಮಂಡ್ಯದಲ್ಲಿ. ಮಂಚಕ್ಕೆ ಪರದೆ ಕಟ್ಕಂಡಿದೀರಾ?”

ಹೂ ಬರುವ ಮುನ್ನವೇ ಗುಟ್ಟು ಒಡೆಯಬಾರದು. “ಕಟ್ಕಂಡಿದೀನಿ” ಎಂದ ಸಿದ್ದರಾಮು.

“ಮಂಚದ ಮೇಲೇ ಮಲಗ್ತಾ ಇದೀರಾ?”

“ಇನ್ನೆಲ್ಲಿ ಮಲಗ್ಲಿ?”

“ಸರಿ” ಎಂದಳು ಚೆನ್ನಾಜಮ್ಮ. “ನನ್ಗೇನೂ ಏಳದಿಲ್ವಾ?”

ಏನೋ ಹೇಳಬೇಕಾಗಿತ್ತು. ಅದು ಮತ್ತೆ ಗಂಟಲಿನ ತನಕ ಬಂದಿತು. “ಇನ್ನೊಂದ್ ಚಿಗುರು ಬಂದದೆ” ಎಂದ ಸಿದ್ದರಾಮು. ಫೋನು ಕಡಿದುಹೋಯಿತು.

ಅವಳ ದನಿಯ ಆಯಾಸ ಅವನ ಕಿವಿಯಲ್ಲೇ ನಿಂತಿತು. ಇನ್ನು ಗಿಡಕ್ಕಾಗಿ ಕಾಯುವುದು ಆಗದ ಮಾತು. ಬೆಳಿಗ್ಗೆ ಎದ್ದವನೇ ಮಾರುಕಟ್ಟೆಗೆ ಹೋಗಿ ದುಂಡುಮಲ್ಲಿಗೆಯ ಬಿಡಿ ಮೊಗ್ಗು ತಂದ. ಒಂದೊಂದನ್ನೂ ನೂಲಿನಿಂದ ರೆಂಬೆಗಳಿಗೆ ಕಟ್ಟುತ್ತ ಕುಳಿತ. ರೆಂಬೆ ಸಾಲದೆ ಉಳಿದ ಮೊಗ್ಗುಗಳನ್ನು ಚೌಕಟ್ಟಿನ ಸರಪಳಿಗಳಿಗೂ ಕಟ್ಟಿದ. ದೀಪ ಹಚ್ಚಿ, ಒಂದು ಫೋಟೊ ತೆಗೆದು, ‘ಹೂವಾಯ್ತು ನೋಡು’ ಎಂದು ಬರೆದು ಹಲಗೂರಿಗೆ ಕಳಿಸಿದ.

ಆ ಫೋಟೊದಲ್ಲಿ ಏನು ಕಾಣುತ್ತಿತ್ತು ಎಂಬುದನ್ನು ಅವನು ಸರಿಯಾಗಿ ನೋಡಲಿಲ್ಲ. ಗಿಡ ಕತ್ತಲೆಯಲ್ಲಿ ಮಸುಕಾಗಿತ್ತು. ಸ್ಪಷ್ಟವಾಗಿ ಕಾಣುತ್ತಿದ್ದದ್ದು ನೇರಳೆ ಬೆಳಕಿನ ಒಂದು ಕೋಣೆ, ಒಂದು ಕೆಂಪು ಸೀರೆ, ಹಾಗೂ ಸುತ್ತಲೂ ಮಲ್ಲಿಗೆ ಇಳಿಬಿಟ್ಟ, ನವಿಲಿನ ಅರ್ಧ ಚಿತ್ರವುಳ್ಳ ಒಂದು ಮಂಚ. ಮದುವೆಯಾದ ಹೊಸದರಲ್ಲಿ ಪ್ರಸ್ತದ ಕೋಣೆಯನ್ನು ಹೇಗೆ ಸಿಂಗರಿಸುತ್ತಾರೋ ಹಾಗೆ. ಹಲಗೂರಿನ ಮನೆಯಲ್ಲಿ ಆ ಫೋಟೊ ಕೈಯಿಂದ ಕೈಗೆ ಹೋಯಿತು. ಕಾಲು ಮುರಿದು ಮಲಗಿದ್ದ ಚಿಕ್ಕಬೋರಮ್ಮ ಎದ್ದು ಕುಳಿತಳು.

*

ಮರುದಿನ ಮಧ್ಯಾಹ್ನ ಬೀದಿಯ ತುದಿಯಲ್ಲಿ ಒಂದು ಟೆಂಪೊ ಹಾರನ್ ಹೊಡೆಯಿತು. ಓಡಿಸುತ್ತಿದ್ದವನು ಚೆನ್ನಾಜಮ್ಮನ ತಮ್ಮ ಪುಟ್ಟರಾಜು. ಪಕ್ಕದಲ್ಲಿ ಅವಳ ದೊಡ್ಡಪ್ಪ ಕರಿಯಪ್ಪ. ಮಂಚವನ್ನು ಮಳವಳ್ಳಿಯ ಅಂಗಡಿಯಲ್ಲಿ ಮೇಲೆ ಕುಳಿತು ಪರೀಕ್ಷಿಸಿ ಕೊಂಡುತಂದ ಹಿರಿಯ. ಬಾಗಿಲ ಬಳಿ ಚೆನ್ನಾಜಮ್ಮ. ಹಿಂಬದಿ ಖಾಲಿ, ಹಗ್ಗದ ಸುರುಳಿ ಹಾಗೂ ಗೋಣಿತಾಟು ಮಾತ್ರ. ಹಗ್ಗ ತಂದವರು ಹೆಣ್ಣನ್ನು ಬಿಡಲು ಬಂದವರಲ್ಲ, ಬಳುವಳಿಯ ಸಾಮಾನನ್ನು ಹಿಂದಕ್ಕೆ ಒಯ್ಯಲು ಬಂದವರು ಎಂಬುದು ಬೀದಿಗೆ ತಿಳಿಯಿತು. ಜಗಲಿಗಳು ತುಂಬಿದವು.

ತಿಳಿಯದಿದ್ದವನು ಒಬ್ಬನೇ. ಟೆಂಪೊದಿಂದ ಇಳಿಯುತ್ತಿದ್ದ ಚೆನ್ನಾಜಮ್ಮನನ್ನು ಕಂಡು ಸಿದ್ದರಾಮು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. ಫೋಟೊ ಕೆಲಸ ಮಾಡಿತ್ತು.

“ಬಂದ್ಯಾ?” ಎಂದ.

ಚೆನ್ನಾಜಮ್ಮ ಅವನನ್ನು ನೋಡದೆ ಒಳಗೆ ಹೋದಳು. ಕರಿಯಪ್ಪ ಟವೆಲ್ ಕೊಡವಿ ಜಗಲಿಯ ಮೇಲೆ ಕುಳಿತ.

“ಮಂಚ ಎಲ್ಲಿ ಅಳೀಮಯ್ಯ?”

“ಒಳಗದೆ ಮಾವ. ಸ್ವಲ್ಪ ರೂಪ ಬದಲಾಗದೆ.”

“ಸ್ವಲ್ಪ ಅಲ್ಲ ದೊಡ್ಡಪ್ಪ” ಎಂದು ಒಳಗಿಣುಕಿ ಬಂದ ಪುಟ್ಟರಾಜು ವರದಿ ಮಾಡಿದ. “ಅರ್ಧ ಅದೆ. ಕಾಲು ಮಾತ್ರ ಎರಡಷ್ಟಾಗದೆ.”

“ಅದು ಗಿಡಕ್ಕೆ ಬೆಳಕು ಕೊಡೋ ಯಂತ್ರ ಮಾವ” ಎಂದು ಸಿದ್ದರಾಮು ಆರಂಭಿಸಿದ. “ಕೆಂಪು ಬೆಳಕು ಹೂವಿಗೆ, ನೀಲಿ ಎಲೆಗೆ. ಈಗ್ಲೇ ಹಚ್ಚಿ ತೋರಿಸ್ತೀನಿ.” ಓಡಿಹೋಗಿ ಸ್ವಿಚ್ಚು ಒತ್ತಿದ. ಬೆಳಕು ಬರಲಿಲ್ಲ. ಬೀದಿಗೆಲ್ಲ ಕರೆಂಟು ಹೋಗಿತ್ತು.

“ಸಿಕ್ಬಿದ್ದ” ಎಂದು ಯಾರೋ ಮೆಲ್ಲನೆ ಅಂದರು.

“ಗಿಡಕ್ಕೆ ಬೆಳಕು ಕೊಡಕ್ಕೆ ಸೀರೆ ಯಾಕ್ಲಾ ಬೇಕು ಬಾವ?” ಪುಟ್ಟರಾಜುವಿಗೆ ಕೋಪದಲ್ಲಿ ಏಕವಚನ ಬಹುವಚನ ಬೆರೆತುಹೋದವು. “ಯಾರವಳು? ಎಲ್ಲಿ ಬಚ್ಚಿಟ್ಟಿದೀಯ?”

“ಯಾರು?”

“ಎರಡ್ನೇ ಎಂಡ್ರು.”

ಸಿದ್ದರಾಮು ಬೀದಿಯ ಕಡೆ ನೋಡಿದ. ಮರಿತಾಯಮ್ಮ ಕಣ್ಣು ತಪ್ಪಿಸಿದಳು. ಪ್ರಸನ್ನ ಆಕಾಶ ನೋಡಿದ. ಮಂಚ, ದೀಪ, ಬೀಗರ ಊಟ, ಪೇದೆ, ಎಲ್ಲವೂ ಒಂದರ ಹಿಂದೊಂದು ಅವನ ತಲೆಯೊಳಗೆ ತಮ್ಮತಮ್ಮ ಜಾಗಕ್ಕೆ ಬಂದು ಕೂತವು.

ಆಗ ಚೆನ್ನಾಜಮ್ಮ ಒಳಗಿನಿಂದ ಬಂದಳು. ಅವಳ ಅಂಗೈಯಲ್ಲಿ ನೂಲಿನ ಗಂಟಿನೊಡನೆ ಕಿತ್ತ, ಕಂದುಬಣ್ಣಕ್ಕೆ ತಿರುಗಿದ ಕೆಲವು ಮೊಗ್ಗುಗಳಿದ್ದವು. ಅವನ್ನು ಕರಿಯಪ್ಪನ ಮುಂದೆ ಹಿಡಿದಳು.

“ಈ ಗಂಟು ನೋಡು ದೊಡ್ಡಪ್ಪ.”

ಕರಿಯಪ್ಪ ಕಣ್ಣು ಕಿರಿದುಮಾಡಿ ನೋಡಿದ. “ಗೋಣಿಚೀಲದ ಬಾಯಿ ಕಟ್ಟೋ ಗಂಟಲ್ವಾ ಇದು?”

“ಅಲ್ವಾ ಮತ್ತೆ. ಯಾವ ಹೆಣ್ಣಾದ್ರೂ ಮಲ್ಲಿಗೆಗೆ ಇಂಗೆ ಗಂಟಾಕಿದ್ದ ಕಂಡಿದೀಯಾ? ಈ ಮನೇಲಿ ಹೆಣ್ಣು ಕೈ ಆಡೇ ಇಲ್ಲ. ಒಲೆ ಮೇಲಿನ ಮುದ್ದೆ ಪಾತ್ರೆ ನೋಡಿದ್ರೆ ಸಾಕು, ನಿನ್ಗೆ ಅಳು ಬತ್ತದೆ.” ಅವಳು ಗಂಡನ ಕಡೆಗೆ ತಿರುಗಿದಳು. “ನೀವೇ ಕಟ್ಟಿದ್ದಾ?”

“ನಾನೇ.”

“ಯಾಕೆ?”

“ಗಿಡ ಮೊಗ್ಗು ಬುಡ್ಲಿಲ್ಲ. ಮೊಗ್ಗು ಬುಟ್ರೆ ಬತ್ತೀನಿ ಅಂತ ನೀನೇ ಅಂದಿದ್ದೆ.”

“ನಾನು ಬಸ್ಸತ್ತುವಾಗ ನಗಾಡ್ಕಂಡು ಅಂದ ಮಾತು ಅದು.”

“ಮಂಚನ ಯಾಕ್ ಕುಯ್ಸಿದ್ರಿ?” ಕರಿಯಪ್ಪನಿಗೆ ಇನ್ನೂ ಮಂಚದ ದುಃಖ ಇಳಿದಿರಲಿಲ್ಲ. “ಕಬ್ಣಕ್ಕೇನ್ ಬರ ಬಂದಿತ್ತಾ?”

ಸಿದ್ದರಾಮು ನೆಲ ನೋಡುತ್ತ ಹೇಳಿದ. “ಒಬ್ನೇ ಮಲಗಕ್ಕೆ ಆಯ್ತಿರ್ಲಿಲ್ಲ ಮಾವ. ಬಲು ಅಗಲ.”

ಮರಿತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ದಿನಾ ಸಂಜೆ ಫೋನ್ ಇಡ್ಕಂಡು ಕೂರ್ತಿದ್ದೆ” ಎಂದಳು ಚೆನ್ನಾಜಮ್ಮ. ಅವಳ ದನಿ ಏರಲಿಲ್ಲ. “ಚಿಗುರು ಬಂತು, ಎಲೆ ಬಂತು. ಒಂದ್ ದಿನಾನಾದ್ರೂ ನೀನು ಬಾ ಅಂದ್ರಾ? ಅಂದಿದ್ರೆ ಅವ್ವನ್ನ ತಮ್ಮನ್ ಎಂಡ್ರ ಕೈಗೆ ಒಪ್ಸಿ ಎರಡ್ ದಿನ ಬಂದ್ ಓಗ್ತಿದ್ದೆ. ಕರೀಲಿ ಅಂತ್ಲೇ ಸುಮ್ನಿದ್ದೆ.”

“ಅಲ್ಲಿಗೆ ನಾನೇ ಬರಾನ ಅಂದ್ರೆ ನೀವೂ ಕರೀಲಿಲ್ಲ” ಎಂದು ಸಿದ್ದರಾಮು ಕರಿಯಪ್ಪನಿಗೆ ದೂರು ಹೇಳಿದ. “ಕರೀದೆ ಅತ್ತೆ ಮನೇಲಿ ಬಂದು ಕೂತ್ಕಂಡ್ರೆ ಜನ ಏನಂದಾರು?”

“ಈಗ ಬಾಳ ಒಳ್ಳೇದು ಅಂದವ್ರೆ” ಎಂದ ಕರಿಯಪ್ಪ. “ಬೆಳಕು ಗಿಳಕು ಎಲ್ಲ ಬುಡಿ. ನಾವು ಗಾಡಿ ತಂದಿರೋದು ಸಾಮಾನು ಏರಕ್ಕೆ. ನಿಮ್ಗೆ ಎಂಡ್ರು ಬೇಕಾ ಬ್ಯಾಡ್ವಾ? ಬೇಕು ಅಂದ್ರೆ ಅವಳ ಮುಖ ನೋಡಿ ಬಾಯ್ಬುಟ್ಟು ಏಳಿ. ನಾವೆಲ್ಲ ಕೇಳ್ಬೇಕು.”

ಸಿದ್ದರಾಮು ಬೀದಿಯನ್ನು ನೋಡಿದ. ಜಗಲಿಗಳು, ಮೆಟ್ಟಿಲುಗಳು, ಮೂರಂತಸ್ತಿನ ಬಾಲ್ಕನಿ, ಎಲ್ಲ ಕಡೆಯೂ ಮುಖಗಳು. ಬಸ್ಸಿನಲ್ಲಿದ್ದವರಿಗಿಂತ ಹೆಚ್ಚು. ಗಂಟಲು ಸರಿಮಾಡಿಕೊಂಡ. “ವಿಷಯ ಏನಪ್ಪಾ ಅಂದ್ರೆ, ದೀಪಕ್ಕೂ ಗಿಡಕ್ಕೂ ಇರ್ಬೇಕಾದ ಅಂತರ...” ಎಂದು ಹೊರಟವನು ಹೆಂಡತಿಯ ಮುಖ ಕಂಡು ನಿಂತ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಕೆನ್ನೆ ಇಳಿದಿತ್ತು.

“ಬಾ” ಎಂದ.

“ಕೇಳಿಸ್ಲಿಲ್ಲ” ಎಂದ ಬಾಲ್ಕನಿಯಿಂದ ಪ್ರಸನ್ನ.

“ಬಾ ಅಂದೆ” ಎಂದು ಸಿದ್ದರಾಮು ಬಾಲ್ಕನಿಗೇ ಕೇಳುವಂತೆ ಹೇಳಿದ.

ಚೆನ್ನಾಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಎಂಗ್ ಬರಾನ? ಅವ್ವ ಇನ್ನೂ ಗೋಡೆ ಇಡ್ಕಂಡೇ ನಡೀತಾವ್ಳೆ. ತಿಂಗ್ಳೊಪ್ಪತ್ತು ನಾನ್ ಅಲ್ಲಿರ್ಲೇ ಬೇಕು.”

ಸಿದ್ದರಾಮು ತಲೆಯಾಡಿಸಿದ. ಹೇಳಬೇಕಾದದ್ದನ್ನು ಹೇಳಿದ್ದಾಗಿತ್ತು, ಅವಳು ಬರುವಂತಿರಲಿಲ್ಲ. ಇಷ್ಟು ದಿನ ಬೆಳಕನ್ನು ದೂರುತ್ತಿದ್ದವನಿಗೆ ಈಗ ದೂರುವುದಕ್ಕೆ ಏನೂ ಉಳಿಯಲಿಲ್ಲ. ಅವನು ಜಗಲಿಯ ಕಂಬಕ್ಕೆ ಒರಗಿ ಕುಳಿತ.

ಕರಿಯಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದ. “ಪುಟ್ಟರಾಜು, ನಾವು ಏನಂತ ಒಂಟು ಬಂದೋ?”

“ಸಾಮಾನು ತಕ್ಕಂಡು ಓಗಾನ ಅಂತ.”

“ಸರಿ, ಏರ್ಸು ಸಾಮಾನ್ನ.” ಅವನು ಅಳಿಯನನ್ನು ರಟ್ಟೆ ಹಿಡಿದು ಎಬ್ಬಿಸಿದ. “ನಮ್ಮನೆ ಮಂಚ ಕುಯ್ದವ್ನೆ. ಅದರ ಬದ್ಲು ಇವ್ನೇ ಬರ್ಲಿ. ಫ್ಯಾಕ್ಟ್ರಿ ಸುರುವಾಗಾಗಂಟ ಹಲಗೂರಲ್ಲೇ ಬಿದ್ದಿರ್ಲಿ. ಈಗ ಕರ್ದಿದೀನಿ ಅಳೀಮಯ್ಯ, ಬೀದಿ ಜನ ಎಲ್ಲ ಕೇಳವ್ರೆ.”

ಪುಟ್ಟರಾಜು ಮಲ್ಲಿಗೆಯ ಕುಂಡವನ್ನೂ ಹೊತ್ತು ತಂದು ಟೆಂಪೊದ ಹಿಂಬದಿಗೆ ಹಗ್ಗದಿಂದ ಬಿಗಿದ. ಅದರ ಪಕ್ಕದಲ್ಲಿ ಗೋಣಿತಾಟಿನ ಮೇಲೆ ಸಿದ್ದರಾಮುವನ್ನು ಕೂರಿಸಿದ. ಟೆಂಪೊ ತಿರುಗುತ್ತಿದ್ದಾಗ ಮರಿತಾಯಮ್ಮ ನೆರೆದವರಿಗೆ, “ನಾನ್ ಅವತ್ತೇ ಅಂದೆ, ಸಿದ್ದರಾಮಣ್ಣ ಅಂತೋನಲ್ಲ ಅಂತ” ಎಂದು ತಿಳಿಸುತ್ತಿದ್ದಳು.

*

ಮದ್ದೂರು ದಾಟಿ ಮಳವಳ್ಳಿ ತಲುಪುವಷ್ಟರಲ್ಲಿ ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಸಿದ್ದರಾಮು ಒಂದು ಕೈಯಲ್ಲಿ ಕುಂಡವನ್ನು, ಇನ್ನೊಂದು ಕೈಯಲ್ಲಿ ಟೆಂಪೊದ ಕಂಬಿಯನ್ನು ಹಿಡಿದಿದ್ದ. ಮುಂದಿನ ಸೀಟಿನ ಹಿಂದಿದ್ದ ಪುಟ್ಟ ಗಾಜಿನಲ್ಲಿ ಚೆನ್ನಾಜಮ್ಮನ ತುರುಬು ಮಾತ್ರ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತ ಬಂದ. ಅದು ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.

ಮಳವಳ್ಳಿಯ ಟೀ ಅಂಗಡಿಯ ಮುಂದೆ ಟೆಂಪೊ ನಿಂತಿತು. ಕರಿಯಪ್ಪನೂ ಪುಟ್ಟರಾಜುವೂ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಚೆನ್ನಾಜಮ್ಮ ಟೀ ಲೋಟ ಹಿಡಿದು ಹಿಂಬದಿಗೆ ಬಂದಳು. ಅವನ ಕೂದಲ ತುಂಬ ದಾರಿಯ ಧೂಳು.

“ತಕ್ಕಳಿ.”

ಅವನು ತೆಗೆದುಕೊಂಡ. ಕುಡಿಯಲಿಲ್ಲ. ಅವಳು ಹೋಗಲೂ ಇಲ್ಲ. ಬಸ್ಸೊಂದು ಅವರನ್ನು ದಾಟಿ, ಸದ್ದು ಅಡಗುವವರೆಗೆ ಇಬ್ಬರೂ ಕಾದರು. ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ.

“ಆಗ ಜನಗಳು ಕೇಳಿದ್ರು ಅಂತ ಅಂದ್ರಿ” ಎಂದಳು ಚೆನ್ನಾಜಮ್ಮ, ಕುಂಡದ ಹಗ್ಗವನ್ನು ಸುಮ್ಮನೆ ಎಳೆದು ನೋಡುತ್ತ. “ಇನ್ನೊಂದ್ ಸಲ ಅನ್ನಿ.”

ಸಿದ್ದರಾಮು ಲೋಟವನ್ನು ಪಕ್ಕಕ್ಕಿಟ್ಟು, ಗೋಣಿತಾಟಿನ ಮೇಲೆ ಅತ್ತ ಸರಿದು ಜಾಗ ಮಾಡಿದ.

“ಬಾ.”

ಅವಳು ಸೆರಗು ಸಿಕ್ಕಿಸಿಕೊಂಡು, ಚಕ್ರದ ಮೇಲೆ ಕಾಲಿಟ್ಟು, ಅವನು ಚಾಚಿದ ಕೈ ಹಿಡಿದು ಹತ್ತಿದಳು.

ಪುಟ್ಟರಾಜು ಬಂದು ಖಾಲಿಯಾದ ಮುಂದಿನ ಸೀಟನ್ನು ನೋಡಿ, “ಅಕ್ಕೋ, ಎಲ್ಲಿದ್ದೀಯ?” ಎಂದು ಕೂಗಿದ.

ಚೆನ್ನಾಜಮ್ಮ ಅಂಗೈಯಿಂದ ಟೆಂಪೊದ ಪಕ್ಕೆಗೆ ದಬದಬ ಬಡಿದಳು.

“ರೈಟ್ ರೈಟ್” ಎಂದಳು.